ಸೈಟ್ ತೆರೆಯುತ್ತಿಲ್ಲ: ಕೆಟ್ಟಿದೆಯೋ, ಬ್ಲಾಕ್ ಮಾಡಿದ್ದಾರೋ? ಮನೆಯಲ್ಲೇ ಪತ್ತೆ ಹಚ್ಚುವ ಬಗೆ

2022ರಲ್ಲಿ ತಿಂಗಳುಗಟ್ಟಲೆ ಭಾರತದ ಹಲವು ಕನೆಕ್ಷನ್‌ಗಳಲ್ಲಿ ವಿಎಲ್‌ಸಿ ಪ್ಲೇಯರ್‌ನ ಅಧಿಕೃತ ಸೈಟು ತೆರೆಯುತ್ತಿರಲಿಲ್ಲ. ಪ್ಲೇಯರ್ ಎಲ್ಲರ ಕಂಪ್ಯೂಟರಿನಲ್ಲೂ ಮೊದಲಿನಂತೆಯೇ ಓಡುತ್ತಿತ್ತು. ಕೆಲವರ ನೆಟ್‌ನಲ್ಲಿ ಸೈಟೂ ತೆರೆಯುತ್ತಿತ್ತು. ಒಬ್ಬರು ಬ್ಯಾನ್ ಎಂದರು, ಇನ್ನೊಬ್ಬರು ಸರ್ವರ್ ಡೌನ್ ಎಂದರು. ಕೊನೆಗೆ ವಿಎಲ್‌ಸಿ ತಯಾರಿಸುವ ವಿಡಿಯೋಲಾನ್ ಸಂಸ್ಥೆ ದೆಹಲಿಯ ಇಂಟರ್ನೆಟ್ ಫ್ರೀಡಂ ಫೌಂಡೇಶನ್ ನೆರವಿನಿಂದ ಸರ್ಕಾರಕ್ಕೆ ಲೀಗಲ್ ನೋಟಿಸ್ ಕೊಟ್ಟ ಮೇಲೆ, ನವೆಂಬರ್‌ನಲ್ಲಿ ತಡೆ ತೆರವಾಯಿತು.

ಕಂಪ್ಯೂಟರ್ ಹುಚ್ಚು ಹಿಡಿದ ಹದಿನಾರು ಹದಿನೇಳರ ವಯಸ್ಸಿನಲ್ಲಿ ಇಂಟರ್ನೆಟ್ ಸ್ವಾತಂತ್ರ್ಯದ ಬಗ್ಗೆ ಗಟ್ಟಿ ಅಭಿಪ್ರಾಯ ಇರುವುದು ಸಹಜ, ಇರಬೇಕು ಕೂಡ. ಆದರೆ "ಬ್ಲಾಕ್ ಮಾಡಿದ್ದಾರೆ" ಎಂದು ಹೇಳುವವರಲ್ಲಿ ಬಹುತೇಕರು ಯಾರು, ಎಲ್ಲಿ, ಹೇಗೆ ಬ್ಲಾಕ್ ಮಾಡಿದ್ದಾರೆ ಎಂದು ನೋಡಿರುವುದಿಲ್ಲ. ನೋಡುವುದು ಕಷ್ಟವಲ್ಲ. ಒಂದು ಕಂಪ್ಯೂಟರ್ (ವಿಂಡೋಸ್ ಆದರೂ ಸರಿ, ಲಿನಕ್ಸ್ ಆದರೂ ಸರಿ), ಮನೆಯ ಬ್ರಾಡ್‌ಬ್ಯಾಂಡ್, ಬೇರೆ ಕಂಪನಿಯ ಸಿಮ್ ಇರುವ ಒಂದು ಆಂಡ್ರಾಯ್ಡ್ ಫೋನ್, ಒಂದು ನೋಟ್‌ಬುಕ್. ಇಷ್ಟಿದ್ದರೆ ಒಂದು ಸಂಜೆಯ ಕೆಲಸ.

ಮೊದಲು ಸಾದಾ ಕಾರಣಗಳನ್ನು ಕಳೆಯಿರಿ

ತೆರೆಯದ ಸೈಟುಗಳಲ್ಲಿ ಹೆಚ್ಚಿನವು ಯಾರ ಆದೇಶದಿಂದಲೂ ಬ್ಲಾಕ್ ಆಗಿರುವುದಿಲ್ಲ. ಫೋನಿನಲ್ಲಿ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಅದೇ ವಿಳಾಸ ತೆರೆದು ನೋಡಿ. ವೈಫೈ ಆಫ್ ಮಾಡುವುದನ್ನು ಮರೆತು "ಎರಡು ನೆಟ್‌ನಲ್ಲೂ ಇಲ್ಲ" ಎನ್ನುವವರೇ ಬಹಳ. ಇನ್ನೊಂದು ಎಡವಟ್ಟು: ಮನೆಯ ಫೈಬರ್ ಮತ್ತು ಸಿಮ್ ಎರಡೂ ಒಂದೇ ಕಂಪನಿಯವಾದರೆ ಅದು ಎರಡು ಪರೀಕ್ಷೆ ಅಲ್ಲ, ಒಂದೇ.

ಎಲ್ಲ ಸೈಟುಗಳಲ್ಲೂ ಸರ್ಟಿಫಿಕೇಟ್ (ಸೈಟು ಅಸಲಿ ಎಂದು ತೋರಿಸುವ ಡಿಜಿಟಲ್ ಗುರುತುಚೀಟಿ) ದೋಷ ಬರುತ್ತಿದ್ದರೆ ಕಂಪ್ಯೂಟರಿನ ತಾರೀಖು ನೋಡಿ. ಹಳೆಯ ಯಂತ್ರಗಳಲ್ಲಿ ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತರೆ, ಪ್ರತಿ ಸಲ ಆನ್ ಮಾಡಿದಾಗ ತಾರೀಖು ವರ್ಷಗಟ್ಟಲೆ ಹಿಂದೆ ಹೋಗುತ್ತದೆ. ಆಗ ಬ್ರೌಸರ್‌ಗೆ ಜಗತ್ತಿನ ಯಾವ ಸರ್ಟಿಫಿಕೇಟೂ ಒಪ್ಪಿಗೆಯಾಗುವುದಿಲ್ಲ. ಡೆಸ್ಕ್‌ಟಾಪ್ ಆದರೆ ಸೆಲ್ ನೀವೇ ಬದಲಿಸಬಹುದು. ಲ್ಯಾಪ್‌ಟಾಪ್‌ಗಳಲ್ಲಿ ಅದಕ್ಕೆ ವೈರ್ ಸಹಿತ ಬರುವ ಸೆಲ್ ಬೇಕಾಗುತ್ತದೆ, ಕೊಳ್ಳುವ ಮೊದಲು ಬಿಚ್ಚಿ ನೋಡಿ.

ಸೈಟೇ ನಿಮ್ಮನ್ನು ಬೇಡ ಎನ್ನುತ್ತಿರಲೂಬಹುದು. ಪುಟದ ಮೇಲೆ 403 ಅಥವಾ 451 ಎಂಬ ಸಂಖ್ಯೆ ಇದ್ದು, ಬೀಗದ ಗುರುತು ಸರಿಯಾಗಿದ್ದರೆ ಮಾತು ಬಂದಿರುವುದು ಸೈಟಿನ ಕಡೆಯಿಂದ, ನಿಮ್ಮ ನೆಟ್ ಕಂಪನಿಯಿಂದಲ್ಲ. ಕಾನೂನಿನ ಕಾರಣಕ್ಕೆ ಕೊಡಲಾಗದು ಎನ್ನಲು ಸರ್ವರ್ ಬಳಸುವ ಕೋಡ್ 451. ಎಕ್ಸ್‌ನಲ್ಲೋ ಯೂಟ್ಯೂಬ್‌ನಲ್ಲೋ ಒಂದು ಖಾತೆ ಅಥವಾ ಒಂದು ವಿಡಿಯೋ ಮಾತ್ರ ಭಾರತದಲ್ಲಿ ಕಾಣುತ್ತಿಲ್ಲ ಎಂದರೂ ಅಷ್ಟೇ, ಅದನ್ನು ಮರೆಮಾಡಿದ್ದು ಆ ಕಂಪನಿಯೇ. ಸರ್ಕಾರ ಹೇಳಿದ್ದಕ್ಕೆ ಮಾಡಿರಬಹುದು, ಆದರೆ ನಿಮ್ಮ ತಂತಿಯಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ.

ಶಾಲೆ, ಕಾಲೇಜು, ಹಾಸ್ಟೆಲ್ ನೆಟ್‌ನಲ್ಲಿ ಈ ಪರೀಕ್ಷೆಗಳನ್ನು ಮಾಡಬೇಡಿ. ಅಲ್ಲಿನ ಫಿಲ್ಟರ್ ಆ ಸಂಸ್ಥೆಯದ್ದು, ಅದರಿಂದ ದೇಶದ ಬಗ್ಗೆ ಏನೂ ತಿಳಿಯದು. ಪಕ್ಕದ ಮನೆಯ ವೈಫೈ ಪಾಸ್‌ವರ್ಡ್ ಊಹಿಸಿ "ಮೂರನೇ ನೆಟ್" ಮಾಡಿಕೊಳ್ಳುವ ಬುದ್ಧಿವಂತಿಕೆಯಂತೂ ಬೇಡವೇ ಬೇಡ. ಅನುಮತಿಯಿಲ್ಲದ ಪ್ರವೇಶಕ್ಕೆ ಐಟಿ ಕಾಯ್ದೆಯ 66ನೇ ಸೆಕ್ಷನ್‌ನಲ್ಲಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಇದೆ.

ಒಂದು ಸೈಟು ತೆರೆಯುವಾಗ ಏನೇನು ನಡೆಯುತ್ತದೆ

ನಾಲ್ಕು ಹೆಜ್ಜೆ. ಹೆಸರನ್ನು ನಂಬರಿಗೆ ಬದಲಿಸುವುದು (ಡಿಎನ್ಎಸ್). ಆ ನಂಬರಿನ ಸರ್ವರ್‌ಗೆ ಕನೆಕ್ಟ್ ಆಗುವುದು. "ನನಗೆ ಇಂಥ ಸೈಟು ಬೇಕು" ಎಂದು ಹೆಸರು ಹೇಳಿ ಗೂಢಲಿಪಿಗೆ ಒಪ್ಪಂದ ಮಾಡಿಕೊಳ್ಳುವುದು (ಟಿಎಲ್ಎಸ್). ಕೊನೆಗೆ ಪುಟ ತರುವುದು. ಇದರಲ್ಲಿ ಯಾವ ಹೆಜ್ಜೆಯಲ್ಲಿ ಬೇಕಾದರೂ ಅಡ್ಡಗಾಲು ಹಾಕಬಹುದು, ಪ್ರತಿಯೊಂದರ ಗುರುತೂ ಬೇರೆ.

ಮೂರನೇ ಹೆಜ್ಜೆ ಸ್ವಲ್ಪ ಬಿಡಿಸಿ ಹೇಳಬೇಕು. ಎಚ್‌ಟಿಟಿಪಿಎಸ್ ಇದ್ದರೆ ಎಲ್ಲವೂ ಗುಟ್ಟು ಎಂಬ ನಂಬಿಕೆ ಇದೆ. ಹಾಗಿಲ್ಲ. ಲಕೋಟೆ ಅಂಟಿಸಿದ್ದರೂ ಮೇಲಿನ ವಿಳಾಸ ಅಂಚೆಯವರಿಗೆ ಕಾಣಲೇಬೇಕಲ್ಲ, ಹಾಗೆ ಒಪ್ಪಂದದ ಮೊದಲ ಸಂದೇಶದಲ್ಲಿ ಸೈಟಿನ ಹೆಸರು ತೆರೆದೇ ಹೋಗುತ್ತದೆ. ಇದಕ್ಕೆ ಎಸ್ಎನ್ಐ ಎನ್ನುತ್ತಾರೆ. ನಡುವೆ ಕುಳಿತ ನೆಟ್ ಕಂಪನಿಯ ಪೆಟ್ಟಿಗೆ, ಅಂದರೆ ಯಂತ್ರ, ಆ ಹೆಸರು ಓದಿ, ಪಟ್ಟಿಯಲ್ಲಿದ್ದರೆ ಕನೆಕ್ಷನ್ ಕತ್ತರಿಸಬಹುದು. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯ ಸಂಶೋಧಕರು ಭಾರತದ ನೆಟ್ ಕಂಪನಿಗಳನ್ನು ಪರೀಕ್ಷಿಸಿದಾಗ, ಒಂದೊಂದು ಕಂಪನಿ ಒಂದೊಂದು ವಿಧಾನ ಬಳಸುವುದು, ತಡೆದ ಪಟ್ಟಿಗಳೂ ಒಂದರಂತೆ ಒಂದಿಲ್ಲದಿರುವುದು ಕಂಡಿತ್ತು. ನಿಮ್ಮ ಮನೆಯಲ್ಲಿ ಇಲ್ಲದ್ದು ಗೆಳೆಯನ ಮನೆಯಲ್ಲಿ ತೆರೆಯುವುದಕ್ಕೆ ಕಾರಣ ಇದೇ.

ನಡುವಿನವರಿಗೆ ಕಾಣುವುದು ಹೆಸರು ಮಾತ್ರ, ಪುಟವಲ್ಲ. ಆದ್ದರಿಂದ ಒಂದು ಪುಟ ಬೇಡವಾದರೂ ಇಡೀ ಸೈಟನ್ನೇ ತಡೆಯಬೇಕಾಗುತ್ತದೆ. 2014ರ ಡಿಸೆಂಬರ್‌ನಲ್ಲಿ ಗಿಟ್‌ಹಬ್, ವಿಮಿಯೋ, ಇಂಟರ್ನೆಟ್ ಆರ್ಕೈವ್ ಸೇರಿ 32 ಸೈಟುಗಳನ್ನು ತಡೆಯಲು ಆದೇಶವಾಯಿತು. ಕೋಟ್ಯಂತರ ಕಡತಗಳಿರುವ ಆರ್ಕೈವ್ 2017ರಲ್ಲಿ ಮತ್ತೊಮ್ಮೆ ಮುಚ್ಚಿತು, ಆ ಸಲ ಸಿನಿಮಾ ಪೈರಸಿ ತಡೆಯಲು ಮದ್ರಾಸ್ ಹೈಕೋರ್ಟ್ ಕೊಟ್ಟ ಆದೇಶದಿಂದ. ಇಲಿ ಹಿಡಿಯಲು ಮನೆಗೇ ಬೀಗ.

ಪರೀಕ್ಷೆಗೆ ಮುನ್ನ

ವಿಪಿಎನ್ (ನಿಮ್ಮ ನೆಟ್ಟನ್ನು ಬೇರೆಡೆಯ ಸರ್ವರ್ ಮೂಲಕ ಹಾಯಿಸುವ ಸೇವೆ) ಇದ್ದರೆ ಆಫ್ ಮಾಡಿ. ಆನ್ ಇದ್ದರೆ ನೀವು ಅಳೆಯುತ್ತಿರುವುದು ಇನ್ಯಾವುದೋ ದೇಶದ ನೆಟ್. ಫೋನಿನಲ್ಲಿ ಪ್ರೈವೇಟ್ ಡಿಎನ್ಎಸ್, ಕ್ರೋಮ್‌ನಲ್ಲಿ ಸೆಕ್ಯೂರ್ ಡಿಎನ್ಎಸ್, ಫೈರ್‌ಫಾಕ್ಸ್‌ನಲ್ಲಿ ಡಿಎನ್ಎಸ್ ಓವರ್ ಎಚ್‌ಟಿಟಿಪಿಎಸ್: ಇವನ್ನು ಹಿಂದೆ ಯಾವಾಗಲೋ ಆನ್ ಮಾಡಿಟ್ಟಿದ್ದರೆ ಸದ್ಯಕ್ಕೆ ಆಫ್ ಮಾಡಿ. ರೂಟರ್‌ನಲ್ಲಿ ಡಿಎನ್ಎಸ್ ಬದಲಿಸಿದ್ದರೆ ಅದನ್ನು ಬರೆದಿಟ್ಟುಕೊಳ್ಳಿ. ಆಂಟಿವೈರಸ್‌ನ ವೆಬ್ ಸ್ಕ್ಯಾನಿಂಗ್ ಕೂಡ ಸರ್ಟಿಫಿಕೇಟನ್ನು ನಡುವೆ ಬದಲಿಸುವುದರಿಂದ ಫಲಿತಾಂಶ ಕೆಡಿಸುತ್ತದೆ.

ಕಮಾಂಡ್‌ಗಳನ್ನು ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಕೊಡಿ, ಪವರ್‌ಶೆಲ್‌ನಲ್ಲಿ ಬೇಡ. ವಿಂಡೋಸ್ ಜೊತೆ ಬರುವ ಪವರ್‌ಶೆಲ್‌ನಲ್ಲಿ ಕರ್ಲ್ (ಸೈಟಿಗೆ ಕನೆಕ್ಟ್ ಆಗಿ ಪುಟ ತರುವ ಕಮಾಂಡ್) ಎಂದು ಹೊಡೆದರೆ ಬೇರೆಯೇ ಕಮಾಂಡ್ ಓಡಿ, ಮುಂದೆ ಹೇಳುವ ಕೋಡುಗಳು ಬರುವುದಿಲ್ಲ. ವಿಂಡೋಸ್ 10ರ 2018ರ ಅಪ್‌ಡೇಟ್‌ನಿಂದ ಈಚೆಗೆ ಕರ್ಲ್ ಒಳಗೇ ಇದೆ. ಲಿನಕ್ಸ್‌ನಲ್ಲಿ ಇಲ್ಲದಿದ್ದರೆ ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಹಾಕಿಕೊಳ್ಳಿ. ಇಲ್ಲಿ ಕನ್ನಡದಲ್ಲಿ ಬರೆದಿರುವ ಕಮಾಂಡ್‌ಗಳನ್ನೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಟೈಪ್ ಮಾಡಬೇಕು.

ಪ್ರತಿ ಪರೀಕ್ಷೆಯನ್ನೂ ಎರಡು ಸೈಟಿನ ಮೇಲೆ ಮಾಡಿ: ಅನುಮಾನದ ಸೈಟು, ಮತ್ತು ಖಂಡಿತ ತೆರೆಯುವ ಇನ್ನೊಂದು, ಉದಾಹರಣೆಗೆ ಕನ್ನಡ ವಿಕಿಪೀಡಿಯ. ಈ ಹೋಲಿಕೆ ಇಲ್ಲದ ಅಳತೆಗೆ ಬೆಲೆಯಿಲ್ಲ.

ಮೊದಲ ಹೆಜ್ಜೆ: ಡಿಎನ್ಎಸ್

ಎನ್ಎಸ್‌ಲುಕಪ್ (ನಡುವೆ ಜಾಗವಿಲ್ಲದೆ ಒಂದೇ ಪದ), ಒಂದು ಸ್ಪೇಸ್, ಸೈಟಿನ ಹೆಸರು. ಎಂಟರ್. ಬಂದ ನಂಬರುಗಳನ್ನು ಬರೆದುಕೊಳ್ಳಿ. ಈಗ ಅದೇ ಕಮಾಂಡಿನ ಕೊನೆಗೆ ಇನ್ನೊಂದು ಸ್ಪೇಸ್ ಕೊಟ್ಟು 9.9.9.9 ಸೇರಿಸಿ ಮತ್ತೆ ಓಡಿಸಿ. ಮೊದಲನೆಯದಕ್ಕೆ ಉತ್ತರ ಕೊಟ್ಟಿದ್ದು ನಿಮ್ಮ ನೆಟ್ ಕಂಪನಿ, ಎರಡನೆಯದಕ್ಕೆ ಕ್ವಾಡ್9 ಎಂಬ ಸ್ವಿಟ್ಜರ್ಲೆಂಡ್ ಮೂಲದ ಸಂಸ್ಥೆ.

ಕಂಪನಿಯ ಉತ್ತರ "ಅಂಥ ಡೊಮೇನ್ ಇಲ್ಲ" ಎಂದಿದ್ದು ಕ್ವಾಡ್9 ಸರಿಯಾದ ನಂಬರು ಕೊಟ್ಟರೆ, ಅಥವಾ ಕಂಪನಿಯ ಉತ್ತರ 127.0.0.1, 0.0.0.0, ಇಲ್ಲವೇ 10ರಿಂದ ಶುರುವಾಗುವ ಖಾಸಗಿ ನಂಬರು ಆಗಿದ್ದರೆ, ಡಿಎನ್ಎಸ್‌ನಲ್ಲಿ ಕೈಯಾಡಿಸಿದ್ದಾರೆ ಎನ್ನಲು ಒಳ್ಳೆಯ ಆಧಾರ. ಸಂಬಂಧವೇ ಇಲ್ಲದ ಎರಡು ಮೂರು ಬ್ಲಾಕ್ ಆದ ಸೈಟುಗಳಿಗೆ ಒಂದೇ ನಂಬರು ಬಂದರೆ ಇನ್ನೂ ಗಟ್ಟಿ.

ಎಡವುವುದು ಇಲ್ಲೇ. ದೊಡ್ಡ ಸೈಟುಗಳು ಊರೂರಿಗೆ ಬೇರೆ ಬೇರೆ ಸರ್ವರ್ ಇಟ್ಟಿರುತ್ತವೆ, ಹಾಗಾಗಿ ಎರಡು ಕಡೆ ಎರಡು ನಂಬರು ಬಂದ ಮಾತ್ರಕ್ಕೆ ಅದು ಸುಳ್ಳಲ್ಲ. "ನಾನ್ ಅಥಾರಿಟೇಟಿವ್ ಆನ್ಸರ್" ಎಂಬ ಸಾಲು ಕಂಡು ಗಾಬರಿಯಾಗುವವರಿದ್ದಾರೆ. ಅದು ಯಾವಾಗಲೂ ಬರುವ ಸಾಲು. ಮೇಲ್ಗಡೆ ಸರ್ವರ್ ಎಂದು 192.168.1.1 ಥರದ ನಂಬರು ಕಂಡರೆ ಅದು ನಿಮ್ಮದೇ ರೂಟರ್. ಎಲ್ಲಕ್ಕಿಂತ ಮುಖ್ಯವಾಗಿ, 9.9.9.9ಗೆ ಹೀಗೆ ಕೇಳುವ ಪ್ರಶ್ನೆ ಗೂಢಲಿಪಿಯಲ್ಲಿ ಹೋಗುವುದಿಲ್ಲ. ನೆಟ್ ಕಂಪನಿ ಅದನ್ನೂ ನಡುವೆ ಹಿಡಿದು ತಾನೇ ಉತ್ತರಿಸಬಹುದು. ಎರಡು ಉತ್ತರವೂ ಒಂದೇ ಸುಳ್ಳಾಗಿದ್ದರೆ ಅನುಮಾನ ಹೋಗಬಾರದು.

ಅದಕ್ಕೆ ಮೂರನೇ ಸಾಕ್ಷಿ ಫೈರ್‌ಫಾಕ್ಸ್. ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗದಲ್ಲಿ ಡಿಎನ್ಎಸ್ ಓವರ್ ಎಚ್‌ಟಿಟಿಪಿಎಸ್ ಹುಡುಕಿ, "ಮ್ಯಾಕ್ಸ್ ಪ್ರೊಟೆಕ್ಷನ್" ಆರಿಸಿ, ಬ್ರೌಸರ್ ಮುಚ್ಚಿ ಮತ್ತೆ ತೆರೆದು ಸೈಟು ನೋಡಿ. ಈಗ ಹೆಸರು ಕೇಳುವ ಮಾತೂ ಗೂಢಲಿಪಿಯಲ್ಲಿ ಹೋಗುತ್ತದೆ. ಸೈಟು ತೆರೆದರೆ ತಡೆ ಇದ್ದದ್ದು ಡಿಎನ್ಎಸ್‌ನಲ್ಲಿ ಮಾತ್ರ ಎಂದು ಬಹುತೇಕ ಹೇಳಬಹುದು. "ಬಹುತೇಕ" ಏಕೆಂದರೆ, ಈ ಸೆಟ್ಟಿಂಗ್ ಆನ್ ಇದ್ದಾಗ ಫೈರ್‌ಫಾಕ್ಸ್ ಎಸ್ಎನ್ಐಯನ್ನೂ ಮುಚ್ಚುವ ಇಸಿಎಚ್ ಎಂಬ ಹೊಸ ವಿಧಾನವನ್ನು, ಸೈಟಿನ ಕಡೆಯಿಂದ ಬೆಂಬಲ ಇದ್ದರೆ, ಬಳಸುತ್ತದೆ. ಎರಡರಲ್ಲಿ ಯಾವುದರಿಂದ ತೆರೆಯಿತು ಎಂಬುದಕ್ಕೆ ಮುಂದಿನ ಪರೀಕ್ಷೆ ಬೇಕು.

ಕರ್ಲ್‌ನ ಕೋಡುಗಳು

ಸಿ, ಯು, ಆರ್, ಎಲ್ ಎಂಬ ನಾಲ್ಕಕ್ಷರ, ಸ್ಪೇಸ್, ಅಡ್ಡಗೆರೆಗೆ ಅಂಟಿದ ಸಣ್ಣ ವಿ, ಸ್ಪೇಸ್, ಎಚ್‌ಟಿಟಿಪಿಎಸ್‌ನಿಂದ ಶುರುವಾಗುವ ಪೂರ್ತಿ ವಿಳಾಸ. ಪರದೆಯ ಮೇಲೆ ಹೆಜ್ಜೆಹೆಜ್ಜೆಯ ವರದಿ ಓಡುತ್ತದೆ. ಸೋತರೆ ಕೊನೆಯ ಸಾಲಿನಲ್ಲಿ ಕಂಸದೊಳಗೆ ಒಂದು ಸಂಖ್ಯೆ. ಓದಬೇಕಾದ್ದು ಅದನ್ನು.

- 6: ಹೆಸರಿಗೆ ನಂಬರು ಸಿಗಲಿಲ್ಲ. ಡಿಎನ್ಎಸ್ ಹಂತದ ತೊಂದರೆ.
- 7: ನಂಬರು ಸಿಕ್ಕಿತು, ಕನೆಕ್ಷನ್ ನಿರಾಕರಣೆಯಾಯಿತು. ಸರ್ವರ್ ಕೆಟ್ಟಿರಬಹುದು, ನಂಬರನ್ನೇ ತಡೆದಿರಬಹುದು.
- 28: ಕಾದು ಕಾದು ಸಮಯ ಮೀರಿತು. ಮೇಲಿನ ಎರಡು ಕಾರಣಗಳೇ, ಜೊತೆಗೆ ನಿಮ್ಮ ನೆಟ್ ನಿಧಾನ ಇರುವುದೂ ಒಂದು.
- 35: ಕನೆಕ್ಷನ್ ಆಯಿತು, ಗೂಢಲಿಪಿಯ ಒಪ್ಪಂದದ ನಡುವೆ ಮುರಿಯಿತು. ಎಸ್ಎನ್ಐ ತಡೆಯ ಮಾಮೂಲಿ ಗುರುತು.
- 60: ಸರ್ಟಿಫಿಕೇಟ್ ಹೊಂದಲಿಲ್ಲ. ಯಾರೋ ಸೈಟಿನ ವೇಷ ಹಾಕಿದ್ದಾರೆ, ಅಥವಾ ನಿಮ್ಮ ತಾರೀಖು ತಪ್ಪು.

35 ಬಂದ ಕೂಡಲೇ ಗೆದ್ದೆವು ಎಂದುಕೊಳ್ಳಬೇಡಿ. ವಿಂಡೋಸ್‌ನಲ್ಲಿ, ಸರ್ಟಿಫಿಕೇಟ್ ರದ್ದಾಗಿದೆಯೇ ಎಂದು ವಿಚಾರಿಸಲು ಆಗದಿದ್ದಾಗಲೂ ಇದೇ 35 ಬರುತ್ತದೆ. ಅದೇ ಸಾಲಿನಲ್ಲಿ "ರೆವೊಕೇಶನ್" ಎಂಬ ಪದ ಇದ್ದರೆ ಅದು ಬ್ಲಾಕ್ ಅಲ್ಲ. "ರಿಸೆಟ್" (ಕನೆಕ್ಷನ್ ಥಟ್ಟನೆ ಕತ್ತರಿಸಲಾಗಿದೆ) ಎಂದಿದ್ದರೆ ಮುಂದೆ ಹೋಗಿ.

ಖಚಿತಪಡಿಸಿಕೊಳ್ಳುವ ಉಪಾಯ ಇದು: ಬ್ಲಾಕ್ ಆಗಿರಬಹುದಾದ ಹೆಸರನ್ನು ಹಿಡಿದು ಬೇರೆಯದೇ ಸರ್ವರ್‌ನ ಬಾಗಿಲು ತಟ್ಟುವುದು. ಮೊದಲು ಎನ್ಎಸ್‌ಲುಕಪ್‌ನಿಂದ ಕನ್ನಡ ವಿಕಿಪೀಡಿಯದ ನಂಬರು ತೆಗೆದುಕೊಳ್ಳಿ. ಕರ್ಲ್ ಕಮಾಂಡಿನಲ್ಲಿ ಅಡ್ಡಗೆರೆ ವಿ ಆದ ಮೇಲೆ ಎರಡು ಅಡ್ಡಗೆರೆಗೆ ಅಂಟಿಸಿ "ರಿಸಾಲ್ವ್" ಎಂದು ಬರೆಯಿರಿ; ಸ್ಪೇಸ್ ಕೊಟ್ಟು ಸೈಟಿನ ಹೆಸರು, ಕೋಲನ್, 443, ಕೋಲನ್, ವಿಕಿಪೀಡಿಯದ ನಂಬರು, ಇಷ್ಟನ್ನೂ ನಡುವೆ ಜಾಗವಿಲ್ಲದೆ; ಮತ್ತೆ ಸ್ಪೇಸ್, ಸೈಟಿನ ಪೂರ್ತಿ ವಿಳಾಸ. ಮೊದಲ ಸಲ ಯಾವುದಾದರೂ ಕನ್ನಡ ಪತ್ರಿಕೆಯ ಸೈಟಿನ ಹೆಸರು ಹಾಕಿ ಓಡಿಸಿ. ವಿಕಿಪೀಡಿಯದ ಸರ್ವರ್‌ಗೆ ಪತ್ರಿಕೆಯ ಹೆಸರು ಗೊತ್ತಿಲ್ಲವಾದ್ದರಿಂದ ದೋಷ ಬಂದೇ ಬರುತ್ತದೆ, ಸಾಮಾನ್ಯವಾಗಿ 60. ಬಂದ ಕೋಡ್ ಬರೆದುಕೊಳ್ಳಿ. ಎರಡನೇ ಸಲ ಅನುಮಾನದ ಹೆಸರು ಹಾಕಿ. ಸರ್ವರ್ ಅದೇ, ದಾರಿ ಅದೇ, ಬದಲಾಗಿರುವುದು ಹೆಸರೊಂದೇ. ಈಗ 60ರ ಬದಲು 35 ಮತ್ತು ರಿಸೆಟ್ ಬಂದರೆ, ನಡುವೆ ಯಾರೋ ಆ ಹೆಸರನ್ನು ಓದಿ ಕತ್ತರಿಸಿದ್ದಾರೆ. ಇದಕ್ಕಿಂತ ಚೊಕ್ಕ ಸಾಕ್ಷಿ ಮನೆಯಲ್ಲಿ ಕುಳಿತು ಸಿಗುವುದು ಕಷ್ಟ. ಎರಡೂ ಸಲ ಒಂದೇ ಕೋಡ್ ಬಂದರೆ ಎಸ್ಎನ್ಐ ತಡೆ ಇಲ್ಲವೆಂದು ಅರ್ಥವಲ್ಲ. ಕೆಲವು ಪೆಟ್ಟಿಗೆಗಳು ಹೆಸರು, ನಂಬರು ಎರಡನ್ನೂ ನೋಡಿ ತಡೆಯಬಹುದು. ಆಗ "ಖಚಿತವಿಲ್ಲ" ಎಂದೇ ಬರೆಯಿರಿ.

ಪಿಂಗ್ ಬಗ್ಗೆ ಒಂದು ಮಾತು: ಬೇಡ. ಪಿಂಗ್‌ಗೆ ಉತ್ತರಿಸದಂತೆ ಎಷ್ಟೋ ಸರ್ವರ್‌ಗಳನ್ನು ಉದ್ದೇಶಪೂರ್ವಕವಾಗಿ ಇಟ್ಟಿರುತ್ತಾರೆ. "ಪಿಂಗ್ ಹೋಗ್ತಿಲ್ಲ, ಬ್ಲಾಕ್ ಆಗಿದೆ" ಎಂಬ ವಾದ ಒಂದು ನಿಮಿಷವೂ ನಿಲ್ಲುವುದಿಲ್ಲ.

ಬ್ರೌಸರ್‌ನಲ್ಲಿ ಒಮ್ಮೆ ತೆರೆದು ಮತ್ತೊಮ್ಮೆ ತೆರೆಯದಿದ್ದರೆ ಕಾರಣ ಕ್ವಿಕ್ ಎಂಬ ಹೊಸ ಸಾಗಣೆ ವಿಧಾನ ಇರಬಹುದು. ಹೊಸ ಬ್ರೌಸರ್‌ಗಳು ಟಿಸಿಪಿ ಎಂಬ ಮಾಮೂಲಿ ದಾರಿ ಬಿಟ್ಟು ಯುಡಿಪಿ ಎಂಬ ಇನ್ನೊಂದು ದಾರಿಯ ಮೇಲೂ ಸೈಟು ತರುತ್ತವೆ, ತಡೆ ಟಿಸಿಪಿಗಷ್ಟೇ ಹಾಕಿರುವುದುಂಟು. ನಿಮ್ಮ ಅಳತೆಗೆ ಕರ್ಲ್‌ನ ಉತ್ತರವನ್ನೇ ಆಧಾರವಾಗಿಟ್ಟುಕೊಳ್ಳಿ.

ಇನ್ನು, ಸರ್ಕಾರದ ಆದೇಶದ ಮೇರೆಗೆ ತಡೆಯಲಾಗಿದೆ ಎಂಬ ಪುಟ. ಅದು ಈಗ ಅಪರೂಪ, ಏಕೆಂದರೆ ಬೇರೆಯವರ ಸೈಟಿನ ಸರ್ಟಿಫಿಕೇಟ್ ನೆಟ್ ಕಂಪನಿಯ ಬಳಿ ಇರುವುದಿಲ್ಲ, ಎಚ್‌ಟಿಟಿಪಿಎಸ್‌ನಲ್ಲಿ ಆ ಪುಟ ತೋರಿಸಹೋದರೆ ಬ್ರೌಸರ್ ಕೆಂಪು ಎಚ್ಚರಿಕೆ ಕೊಡುತ್ತದೆ. ವಿಳಾಸದಲ್ಲಿ ಎಚ್‌ಟಿಟಿಪಿಎಸ್ ಬದಲು ಬರೀ ಎಚ್‌ಟಿಟಿಪಿ ಹಾಕಿ ಕರ್ಲ್ ಓಡಿಸಿ. ಕೆಲವು ನೆಟ್‌ಗಳಲ್ಲಿ ಆ ಪುಟದ ಬರಹ ಹಾಗೇ ಬಂದು ಬೀಳುತ್ತದೆ. ಸಿಕ್ಕರೆ ಅದು ಚಿನ್ನ, ಪೂರ್ತಿ ಉಳಿಸಿಟ್ಟುಕೊಳ್ಳಿ. ಬ್ರೌಸರ್‌ನ ಕೆಂಪು ಎಚ್ಚರಿಕೆಯನ್ನು ದಾಟಿ ಒಳಹೋಗುವ ಬಟನ್ ಮಾತ್ರ ಒತ್ತಬೇಡಿ.

ಊನಿ: ನಿಮ್ಮ ಅಳತೆಗೆ ಸಾರ್ವಜನಿಕ ದಾಖಲೆ

ನಿಮ್ಮ ನೋಟ್‌ಬುಕ್ಕನ್ನು ಯಾರೂ ನಂಬಬೇಕಿಲ್ಲ. ಊನಿ ಪ್ರೋಬ್ ಎಂಬ ಮುಕ್ತ ಆ್ಯಪ್ ಇದೇ ಪರೀಕ್ಷೆಗಳನ್ನು ತಾನೇ ಮಾಡಿ, ಫಲಿತಾಂಶವನ್ನು ಊನಿ ಎಕ್ಸ್‌ಪ್ಲೋರರ್‌ನಲ್ಲಿ ಪ್ರಕಟಿಸುತ್ತದೆ. ಜಗತ್ತಿನ ಯಾರು ಬೇಕಾದರೂ ನೋಡಬಹುದು, ಎಷ್ಟು ವರ್ಷದ ನಂತರವಾದರೂ. ಫೋನಿಗೂ ಕಂಪ್ಯೂಟರಿಗೂ ಸಿಗುತ್ತದೆ.

ಹಾಕಿದ ಕೂಡಲೇ ರನ್ ಒತ್ತಬೇಡಿ. ಅದರ ಸಿದ್ಧ ಪಟ್ಟಿಯಲ್ಲಿ ಅಶ್ಲೀಲ ಸೈಟು, ಜೂಜಿನ ಸೈಟು, ರಾಜಕೀಯ ಸೈಟು ಎಲ್ಲವೂ ಇವೆ, ಮತ್ತು ಅದು ಅವಕ್ಕೆಲ್ಲ ನಿಮ್ಮ ಮನೆಯ ನೆಟ್‌ನಿಂದ ನಿಜವಾಗಿಯೂ ಕನೆಕ್ಟ್ ಆಗುತ್ತದೆ. ಕನೆಕ್ಷನ್ ಇರುವುದು ಅಪ್ಪನ ಅಥವಾ ಅಮ್ಮನ ಹೆಸರಿನಲ್ಲಿ. ಅವರಿಗೆ ಹೇಳಿ, ಸಿದ್ಧ ಪಟ್ಟಿ ಬಿಟ್ಟು, ನಿಮಗೆ ಬೇಕಾದ ವಿಳಾಸಗಳನ್ನಷ್ಟೇ ಕೊಡುವ ಆಯ್ಕೆ ಬಳಸಿ. ಊನಿ ನಿಮ್ಮ ಐಪಿ ವಿಳಾಸ (ನಿಮ್ಮ ಕನೆಕ್ಷನ್ನಿನ ನಂಬರು) ಪ್ರಕಟಿಸದಂತೆ ನೋಡಿಕೊಳ್ಳುತ್ತದೆ, ಆದರೆ ದೇಶ, ಸಮಯ ಮತ್ತು ನೆಟ್ ಕಂಪನಿಯ ಎಎಸ್ಎನ್ (ಆ ನೆಟ್‌ವರ್ಕಿನ ಗುರುತು) ಸಂಖ್ಯೆ ಹೊರಗೆ ಬರುತ್ತದೆ. ಬಿಎಸ್‌ಎನ್‌ಎಲ್‌ನ 9829, ಜಿಯೋದ 55836 ಥರದ ದೊಡ್ಡ ನೆಟ್‌ನಲ್ಲಿ ನೀವು ಕೋಟಿಯಲ್ಲಿ ಒಬ್ಬರು; ಊರಿನ ಕೇಬಲ್‌ನವರ ಪುಟ್ಟ ನೆಟ್‌ನಲ್ಲಾದರೆ ಅಷ್ಟು ಅಡಗುವುದಿಲ್ಲ.

ಫಲಿತಾಂಶದಲ್ಲಿ "ಅನಾಮಲಿ" ಎಂದು ಬಂದರೆ ಏನೋ ವಿಚಿತ್ರ ಎಂದಷ್ಟೇ ಅರ್ಥ. ತಡೆ ಪುಟದ, ಅಥವಾ ತಡೆಗೆಂದೇ ಬಳಸುವ ಡಿಎನ್ಎಸ್ ಉತ್ತರದ, ಗುರುತು ಸಿಕ್ಕಾಗ ಮಾತ್ರ "ಕನ್ಫರ್ಮ್ಡ್" ಎನ್ನುತ್ತದೆ. ಎಸ್ಎನ್ಐ ತಡೆಗೆ ಪುಟವೇ ಇಲ್ಲವಲ್ಲ, ಹಾಗಾಗಿ ನಿಜವಾದ ಎಷ್ಟೋ ಬ್ಲಾಕ್‌ಗಳು ಅನಾಮಲಿಯಾಗಿಯೇ ಉಳಿಯುತ್ತವೆ. ಎಕ್ಸ್‌ಪ್ಲೋರರ್‌ನಲ್ಲಿ ದೇಶ ಭಾರತ ಎಂದು ಆರಿಸಿ ಸೈಟಿನ ಹೆಸರು ಹಾಕಿದರೆ ಬೇರೆಯವರ ಅಳತೆಗಳೂ ಕಾಣುತ್ತವೆ. ಯಾವ ತಾರೀಖಿನಿಂದ ಕೆಂಪಾಯಿತು ಎಂಬುದನ್ನು ಅಲ್ಲಿಂದ ಗುರುತು ಹಾಕಿಕೊಳ್ಳಿ.

ನೋಟ್‌ಬುಕ್ಕಿನಲ್ಲಿ ಪ್ರತಿ ಸಲಕ್ಕೆ ಒಂದು ಸಾಲು: ತಾರೀಖು, ಗಂಟೆ, ಊರು, ಕಂಪನಿ, ಫೈಬರ್ರೋ ಮೊಬೈಲೋ, ಪೂರ್ತಿ ವಿಳಾಸ, ಎರಡು ಡಿಎನ್ಎಸ್ ಉತ್ತರ, ಕರ್ಲ್ ಕೋಡ್, ಹೋಲಿಕೆ ಸೈಟಿನ ಕೋಡ್. ಬೆಳಿಗ್ಗೆ, ಸಂಜೆ, ಮರುದಿನ, ಹೀಗೆ ಕನಿಷ್ಠ ಮೂರು ಸಲ. ಸ್ಕ್ರೀನ್‌ಶಾಟ್‌ಗಿಂತ ಕರ್ಲ್‌ನ ಪೂರ್ತಿ ಬರಹವನ್ನು ನಕಲಿಸಿ ಟೆಕ್ಸ್ಟ್ ಫೈಲಿನಲ್ಲಿ ಇಡುವುದು ಒಳ್ಳೆಯದು.

ಯಾರನ್ನು ಕೇಳುವುದು

ಮೊದಲು ಸೈಟಿನ ಒಡೆಯರಿಗೆ ತಿಳಿಸಿ. ಕೋರ್ಟಿಗೆ ಹೋಗುವ ಹಕ್ಕು ಗಟ್ಟಿಯಾಗಿ ಇರುವುದು ಅವರಿಗೆ, ಮತ್ತು ಎಷ್ಟೋ ಸಲ ತಮ್ಮ ಸೈಟು ಭಾರತದಲ್ಲಿ ತೆರೆಯುತ್ತಿಲ್ಲ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. ವರದಕ್ಷಿಣೆಯನ್ನು ಗೇಲಿ ಮಾಡುವ ಡೌರಿ ಕ್ಯಾಲ್ಕುಲೇಟರ್ ಎಂಬ ಸೈಟನ್ನು 2018ರಲ್ಲಿ ತಡೆಯಲಾಗಿತ್ತು. ಆದೇಶದ ಪ್ರತಿಯನ್ನು ಒಡೆಯರಿಗೆ ಕೊಟ್ಟು ಅವರ ಮಾತು ಕೇಳಬೇಕು ಎಂದು ದೆಹಲಿ ಹೈಕೋರ್ಟ್ ಹೇಳಿದ್ದು 2022ರಲ್ಲಿ.

ನೆಟ್ ಕಂಪನಿಗೆ ಫೋನ್ ಮಾಡುವುದಕ್ಕಿಂತ ಇಮೇಲ್ ಮಾಡಿ, ದೂರು ಸಂಖ್ಯೆ ತೆಗೆದುಕೊಳ್ಳಿ. "ರೂಟರ್ ಆಫ್ ಮಾಡಿ ಆನ್ ಮಾಡಿ" ಎಂಬ ಉತ್ತರಕ್ಕೆ ನಿಮ್ಮ ಟೆಕ್ಸ್ಟ್ ಫೈಲ್ ಲಗತ್ತಿಸಿ ಮತ್ತೆ ಬರೆಯಿರಿ. ಸಮಾಧಾನವಾಗದಿದ್ದರೆ ಕಂಪನಿಯೊಳಗೇ ಇರುವ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು.

ಸರ್ಕಾರವನ್ನು ಕೇಳುವ ದಾರಿ ಆರ್‌ಟಿಐ. ಕೇಂದ್ರ ಸರ್ಕಾರ ಸೈಟು ತಡೆಯುವುದು ಐಟಿ ಕಾಯ್ದೆಯ 69ಎ ಸೆಕ್ಷನ್ ಮತ್ತು 2009ರ ನಿಯಮಗಳ ಅಡಿಯಲ್ಲಿ. ಆ ನಿಯಮಗಳಲ್ಲಿ 16ನೆಯದು ದೂರುಗಳನ್ನೂ ಕ್ರಮಗಳನ್ನೂ ಗೋಪ್ಯವಾಗಿಡಬೇಕು ಎನ್ನುತ್ತದೆ. ನಮ್ಮ ತಕರಾರು ಇರುವುದು ಬ್ಲಾಕ್ ಮಾಡುವ ಅಧಿಕಾರದ ಬಗ್ಗೆ ಅಲ್ಲ, ಈ ಗುಟ್ಟಿನ ಬಗ್ಗೆ. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆಕ್ಷೇಪಾರ್ಹ ಆನ್‌ಲೈನ್ ಬರಹಕ್ಕೆ ಶಿಕ್ಷೆ ಹೇಳುತ್ತಿದ್ದ 66ಎ ಸೆಕ್ಷನ್ ರದ್ದು ಮಾಡಿ 69ಎ ಉಳಿಸಿಕೊಂಡಿತು. ಉಳಿಸಲು ಕೊಟ್ಟ ಕಾರಣಗಳಲ್ಲಿ ಒಂದು: ತಡೆಗೆ ಕಾರಣವನ್ನು ಬರಹದಲ್ಲಿ ದಾಖಲಿಸಲೇಬೇಕು, ಆದ್ದರಿಂದ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು. ಕಾರಣ ಯಾರಿಗೂ ತೋರಿಸದಿದ್ದರೆ ಪ್ರಶ್ನಿಸುವುದು ಹೇಗೆ ಎಂಬುದು ಇನ್ನೂ ಬಾಕಿ ಇರುವ ಪ್ರಶ್ನೆ.

ಆರ್‌ಟಿಐ ಕಾಯ್ದೆ "ಎಲ್ಲ ನಾಗರಿಕರಿಗೆ" ಎನ್ನುತ್ತದೆ, ಕನಿಷ್ಠ ವಯಸ್ಸು ಹೇಳುವುದಿಲ್ಲ. ಶುಲ್ಕ ₹10. ಏಕೆ ಬೇಕು ಎಂದು ನೀವು ಹೇಳಬೇಕಿಲ್ಲ, ಅವರೂ ಕೇಳುವಂತಿಲ್ಲ. ಇಂಗ್ಲಿಷ್, ಹಿಂದಿ ಅಥವಾ ಅರ್ಜಿ ಹಾಕುವ ಪ್ರದೇಶದ ಆಡಳಿತ ಭಾಷೆಯಲ್ಲಿ ಬರೆಯಬಹುದು, ಅಂದರೆ ಕರ್ನಾಟಕದಿಂದ ಕನ್ನಡದಲ್ಲೂ. ಕನ್ನಡದಲ್ಲಾದರೆ ₹10ರ ಪೋಸ್ಟಲ್ ಆರ್ಡರ್ ಇಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುವುದೇ ಸಲೀಸು; ಇಂಗ್ಲಿಷಿನಲ್ಲಾದರೆ ಕೇಂದ್ರದ ಆರ್‌ಟಿಐ ಆನ್‌ಲೈನ್ ಪೋರ್ಟಲ್ ಸಾಕು. ಒಂದು ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯಕ್ಕೆ, ಇನ್ನೊಂದು ದೂರಸಂಪರ್ಕ ಇಲಾಖೆಗೆ.

ಅರ್ಜಿ ಕೆಡುವುದು ಪ್ರಶ್ನೆಯ ಧಾಟಿಯಿಂದ. "ಈ ಸೈಟನ್ನು ಏಕೆ ಬ್ಲಾಕ್ ಮಾಡಿದ್ದೀರಿ?" ಎಂದು ಕೇಳಬೇಡಿ, ಆರ್‌ಟಿಐನಲ್ಲಿ ಸಿಗುವುದು ಇರುವ ದಾಖಲೆ, ವಿವರಣೆಯಲ್ಲ. ಹೀಗೆ ಕೇಳಿ: "ಇಂಥ ಡೊಮೇನ್‌ಗೆ ಪ್ರವೇಶ ತಡೆಯುವಂತೆ ಇಂಟರ್ನೆಟ್ ಸೇವಾದಾರರಿಗೆ ಕಳಿಸಿದ ಆದೇಶದ ಪ್ರತಿ, ಅದರ ತಾರೀಖು ಮತ್ತು ಸಂಖ್ಯೆ. ಆದೇಶ ಹೊರಡಿಸಿದ ಪ್ರಾಧಿಕಾರ, ಕಾನೂನಿನ ಯಾವ ಸೆಕ್ಷನ್ ಅಥವಾ ಯಾವ ಕೋರ್ಟ್ ಆದೇಶದ ಅಡಿಯಲ್ಲಿ ಎಂಬ ವಿವರ. ನಿಯಮ 8ರ ಪ್ರಕಾರ ಸೈಟಿನವರಿಗೆ ನೋಟಿಸ್ ಕೊಟ್ಟಿದ್ದರೆ ಅದರ ಪ್ರತಿ. ನಿಯಮ 14ರ ಪರಿಶೀಲನಾ ಸಮಿತಿ ಈ ಆದೇಶವನ್ನು ಪರಿಶೀಲಿಸಿದ ತಾರೀಖು. ಅಂಥ ಆದೇಶ ಇಲ್ಲವಾದರೆ, ಇಲ್ಲ ಎಂಬ ಲಿಖಿತ ಉತ್ತರ." ಕೊನೆಯ ಸಾಲನ್ನು ಬಿಡಬೇಡಿ. ಗೋಪ್ಯ ಎಂದು ನಿರಾಕರಿಸಿದರೆ ಬಹುಶಃ ಆದೇಶ ಇದೆ. ಇಲ್ಲ ಎಂದು ಬರೆದುಕೊಟ್ಟರೆ ನೆಟ್ ಕಂಪನಿ ಯಾರ ಮಾತಿಗೆ ತಡೆದಿದೆ ಎಂದು ಕೇಳಲು ನಿಮಗೆ ಕಾಗದ ಸಿಕ್ಕಿತು.

ಉತ್ತರಕ್ಕೆ 30 ದಿನ. ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ. ಅರ್ಜಿಯಲ್ಲಿ ನಿಮ್ಮ ಹೆಸರು, ವಿಳಾಸ ಇರುತ್ತದೆ, ಉತ್ತರ ಮನೆಗೆ ಬರುತ್ತದೆ. ಮನೆಯವರಿಗೆ ಮೊದಲೇ ಹೇಳಿಡಿ.

ಒಂದು ಸೈಟಲ್ಲ, ಇಡೀ ಊರಿನ ಮೊಬೈಲ್ ಡೇಟಾವೇ ನಿಂತಿದ್ದರೆ ಮೇಲಿನದ್ದೊಂದೂ ಅನ್ವಯಿಸದು. ಅದು ಬೇರೆ ನಿಯಮಗಳ ಕೆಳಗಿನ ಸ್ಥಗಿತ. ಅಂಥ ಆದೇಶಗಳನ್ನು ಪ್ರಕಟಿಸಬೇಕು, ಅನಿರ್ದಿಷ್ಟ ಕಾಲ ನಿಲ್ಲಿಸುವಂತಿಲ್ಲ ಎಂದು ಅನುರಾಧಾ ಭಸೀನ್ ಪ್ರಕರಣದಲ್ಲಿ 2020ರ ಜನವರಿ 10ರಂದು ಸುಪ್ರೀಂ ಕೋರ್ಟ್ ಹೇಳಿದೆ. ಈಗಿನ ನಿಯಮದಲ್ಲಿ ಒಂದು ಆದೇಶದ ಗರಿಷ್ಠ ಅವಧಿ 15 ದಿನ. ಆದೇಶದ ಪ್ರತಿ ಎಲ್ಲಿ ಪ್ರಕಟವಾಗಿದೆ ಎಂದು ಕೇಳುವುದೇ ಅಲ್ಲಿ ಮೊದಲ ಕೆಲಸ.

ವಿಪಿಎನ್ ಹಾಕಿಕೊಂಡರೆ ಆಗುವುದಿಲ್ಲವೇ?

ಎಲ್ಲರೂ ಕೇಳುವ ಪ್ರಶ್ನೆ. ಭಾರತದಲ್ಲಿ ವಿಪಿಎನ್ ಬಳಕೆಗೆ ದೇಶವ್ಯಾಪಿ ನಿಷೇಧವಿಲ್ಲ. ಆದರೆ ಗ್ರಾಹಕರ ವಿವರವನ್ನು ಐದು ವರ್ಷ ಇಟ್ಟುಕೊಳ್ಳಬೇಕು ಎಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ಕೊಟ್ಟ ಮೇಲೆ ಹಲವು ಕಂಪನಿಗಳು ಇಲ್ಲಿನ ಸರ್ವರ್‌ಗಳನ್ನೇ ಕಿತ್ತುಕೊಂಡು ಹೋದವು. ಪುಕ್ಕಟೆ ವಿಪಿಎನ್ ಆ್ಯಪ್‌ಗಳ ಬಗ್ಗೆ ಹುಷಾರಾಗಿರಿ: ಮೊದಲು ನಿಮ್ಮ ನೆಟ್ ಕಂಪನಿ ನೋಡುತ್ತಿದ್ದ ಹೆಸರುಗಳನ್ನೆಲ್ಲ ಈಗ ಯಾರೆಂದೇ ಗೊತ್ತಿಲ್ಲದವರು ನೋಡುತ್ತಾರೆ. ನಿಮ್ಮ ಮಾತನ್ನು ಹಲವು ಸರ್ವರ್‌ಗಳ ಮೂಲಕ ಸುತ್ತಿಸಿ ಒಯ್ಯುವ ಟಾರ್ ಬ್ರೌಸರ್ ಇದಕ್ಕಿಂತ ಮೇಲು, ಆದರೆ ನಿಧಾನ. ಅದರಲ್ಲಿ ಎಕ್ಸ್‌ಟೆನ್ಶನ್ ತುಂಬಬೇಡಿ, ನಿಮ್ಮ ಜಿಮೇಲ್‌ಗೆ ಲಾಗಿನ್ ಆಗಬೇಡಿ. ಹೇಗೂ ಇವು ನಿಮಗೊಬ್ಬರಿಗೆ ದಾರಿ, ಬೀದಿಗೆಲ್ಲ ಅಲ್ಲ. ಟಾರ್‌ನಲ್ಲಿ ಸೈಟು ತೆರೆದು ಮನೆಯ ನೆಟ್‌ನಲ್ಲಿ ತೆರೆಯದಿದ್ದರೆ, ಅದನ್ನೂ ಒಂದು ಸಾಲಾಗಿ ನೋಟ್‌ಬುಕ್ಕಿಗೆ ಸೇರಿಸಿ: ಸರ್ವರ್ ಬದುಕಿದೆ ಎಂಬುದಕ್ಕೆ ಅದು ಸಾಕ್ಷಿ.

ಪರೀಕ್ಷೆಗಾಗಿ ಬದಲಿಸಿದ ಸೆಟ್ಟಿಂಗ್‌ಗಳನ್ನು ವಾಪಸ್ ಹಾಕುವಾಗ ಫೈರ್‌ಫಾಕ್ಸ್‌ನ ಡಿಎನ್ಎಸ್ ಓವರ್ ಎಚ್‌ಟಿಟಿಪಿಎಸ್ ಆನ್ ಇಟ್ಟುಕೊಳ್ಳುವುದು ಒಳ್ಳೆಯದು. ರೈಲ್ವೆ ಸ್ಟೇಷನ್, ಹೋಟೆಲ್ ಥರದ ಲಾಗಿನ್ ಪುಟವಿರುವ ವೈಫೈನಲ್ಲಿ ಆ ಪುಟ ಬಾರದೆ ಸತಾಯಿಸಿದರೆ ತಾತ್ಕಾಲಿಕವಾಗಿ ಆಫ್ ಮಾಡಿ. ಲಾಗಿನ್ ಪುಟ ಕೆಲಸ ಮಾಡುವುದೂ ಡಿಎನ್ಎಸ್ ಉತ್ತರವನ್ನು ತಿರುಚಿಯೇ. ಫೋನಿನ ಪ್ರೈವೇಟ್ ಡಿಎನ್ಎಸ್‌ನಲ್ಲೂ ಇದೇ ಕಥೆ, ಅಲ್ಲಿ 9.9.9.9 ಎಂದು ನಂಬರು ಕೊಟ್ಟರೆ ತೆಗೆದುಕೊಳ್ಳುವುದಿಲ್ಲ, ಡಿಎನ್ಎಸ್, ಚುಕ್ಕೆ, ಕ್ವಾಡ್9, ಚುಕ್ಕೆ, ನೆಟ್ ಎಂದು ಹೆಸರೇ ಕೊಡಬೇಕು.

ತಡೆ ತೆರವಾಯಿತು ಎಂಬ ಸುದ್ದಿ ಬಂದ ಮೇಲೆ ಮತ್ತೊಮ್ಮೆ ಅಳೆಯಿರಿ, ಪ್ರತಿ ಕಂಪನಿಯ ನೆಟ್‌ನಲ್ಲೂ ಬೇರೆಬೇರೆಯಾಗಿ. ಆದೇಶ ವಾಪಸಾದರೂ ಕಂಪನಿಯ ಪೆಟ್ಟಿಗೆಯಿಂದ ಹೆಸರು ತೆಗೆಯುವುದು ಇನ್ಯಾರದೋ ಕೈಯ ಕೆಲಸ. ಅಳೆಯುವ ಮೊದಲು ವಿಂಡೋಸ್‌ನಲ್ಲಿ ಐಪಿಕಾನ್ಫಿಗ್, ಸ್ಪೇಸ್, ಓರೆಗೆರೆ, ಫ್ಲಶ್‌ಡಿಎನ್ಎಸ್ ಎಂಬ ಕಮಾಂಡಿನಿಂದ ಹಳೆಯ ಉತ್ತರಗಳನ್ನು ಅಳಿಸಿ, ರೂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಈ ಒಂದು ಸಲ ಕಸ್ಟಮರ್ ಕೇರ್‌ನವರ ಸಲಹೆಯೂ ಸರಿಯೇ.